ಓದುಗರ ಪ್ರಶ್ನೆ: ಅಪಾಯ ಇಲ್ಲದಿದ್ದರೆ ನ್ಯೂಟ್ರಿನೊವನ್ನು ಗುಡ್ಡದ ಕೆಳಗೆ ಯಾಕೆ ಇಡುತ್ತಾರೆ?

ಪ್ರಶ್ನೆ: ಮಗಳು ಎಂಎಸ್ಸಿ ಫಿಸಿಕ್ಸ್ ಮುಗಿಸಿದ್ದಾಳೆ. ನ್ಯೂಟ್ರಿನೊ ಮೇಲೆ ಪಿಎಚ್‌ಡಿ ಮಾಡ್ತೀನಿ ಅಂತಾಳೆ. ಅದು ರೇಡಿಯೇಶನ್ ಅಲ್ವಾ ಸಾರ್? ನಮ್ಮ ಭಾವ ಕೇಳ್ತಾರೆ, ಅಪಾಯ ಇಲ್ಲದಿದ್ದರೆ ಅದನ್ನು ಯಾಕೆ ಗುಡ್ಡದ ಕೆಳಗೆ, ಗಣಿಯೊಳಗೆ ಇಡುತ್ತಾರೆ ಅಂತ. ಮುಂದೆ ಮದುವೆ, ಮಕ್ಕಳು ಅಂದಾಗ ತೊಂದರೆ ಆಗಲ್ವಾ?
– ತುಮಕೂರಿನಿಂದ ಒಬ್ಬ ತಂದೆ

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ನನಗೇ ಲೆಕ್ಕ ಸಿಗುತ್ತಿಲ್ಲ. ಊರಿನ ಹೆಸರು ಬದಲಾಗುತ್ತದೆ, ಮಗಳ ಜಾಗದಲ್ಲಿ ಮಗ ಬರುತ್ತಾನೆ, ಭಾವನ ಜಾಗದಲ್ಲಿ ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಬರುತ್ತಾರೆ. 'ಗುಡ್ಡದ ಕೆಳಗೆ ಯಾಕೆ' ಅನ್ನೋದು ಮಾತ್ರ ಹಾಗೇ ಇರುತ್ತದೆ. ಹೋದ ತಿಂಗಳು ಒಂದು ಮದುವೆ ಊಟದಲ್ಲಿ, ಎಲೆಗೆ ಪಲ್ಯ ಬಿದ್ದಾಗ ಶುರುವಾದ ಈ ಮಾತು ಮಜ್ಜಿಗೆ ಬಂದರೂ ಮುಗಿದಿರಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಬರೆದು ಇಟ್ಟುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕೊಟ್ಟು, ನಾನು ಹೋಳಿಗೆ ಕಡೆ ಗಮನ ಕೊಡಬಹುದು.

ಚಿಕ್ಕ ಉತ್ತರ ಮೊದಲು. ನ್ಯೂಟ್ರಿನೊ ಅಂದರೆ ಪರಮಾಣುವಿಗಿಂತಲೂ ಎಷ್ಟೋ ಪುಟ್ಟದಾದ ಒಂದು ಕಣ, ಅದರಿಂದ ಏನೂ ಆಗುವುದಿಲ್ಲ. ಮಗಳು ಧೈರ್ಯವಾಗಿ ಸೇರಲಿ. ಅವಸರದಲ್ಲಿರುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಆದರೆ ನಿಮ್ಮ ಭಾವನವರ ಮಾತಿದೆಯಲ್ಲ, ಅದನ್ನು ಸುಮ್ನೆ ಬಿಡುವ ಹಾಗಿಲ್ಲ.

ನಿಮ್ಮ ಹೆಬ್ಬೆರಳಿನ ಉಗುರು ನೋಡಿಕೊಳ್ಳಿ. ಹೆಚ್ಚುಕಡಿಮೆ ಒಂದು ಚದರ ಸೆಂಟಿಮೀಟರ್ ಜಾಗ. ಸೂರ್ಯನಿಂದ ಹೊರಟ ನ್ಯೂಟ್ರಿನೊಗಳು ಅಷ್ಟು ಜಾಗದೊಳಗಿಂದ ಸೆಕೆಂಡಿಗೆ ಸುಮಾರು 6,500 ಕೋಟಿ ಹಾದುಹೋಗುತ್ತವೆ. ರಾತ್ರಿ ಆದರೆ ನಿಲ್ಲುತ್ತವೆ ಅಂದುಕೊಂಡಿರಾ? ರಾತ್ರಿ ಸೂರ್ಯ ಭೂಮಿಯ ಆ ಕಡೆ ಇರುತ್ತಾನೆ. ನ್ಯೂಟ್ರಿನೊಗಳು ಆ ಕಡೆಯಿಂದ ಒಳಹೊಕ್ಕು, ಇಡೀ ಭೂಮಿಯನ್ನು ದಾಟಿ, ನಿಮ್ಮ ಮಂಚದ ಕೆಳಗಿನಿಂದ ಮೇಲಕ್ಕೆ ಬರುತ್ತವೆ. ನೆಲ, ಮಂಚ, ಹಾಸಿಗೆ, ನೀವು, ತಾರಸಿ ಎಲ್ಲವನ್ನೂ ದಾಟಿ ಆಕಾಶಕ್ಕೆ ಹೋಗುತ್ತವೆ. ನಿಮ್ಮ ಅಜ್ಜ, ಅವರ ಅಜ್ಜ, ಎಲ್ಲರೂ ಇದರಲ್ಲೇ ಮಿಂದು ಬಾಳಿದವರು. ಮಗಳು ಪ್ರಯೋಗಾಲಯಕ್ಕೆ ಹೋದರೂ ಇಷ್ಟೇ, ಮನೆಯಲ್ಲಿ ಕೂತು ಅವರೆಕಾಯಿ ಸುಲಿದರೂ ಇಷ್ಟೇ.

ಅಷ್ಟೊಂದು ಹಾದುಹೋದರೂ ಏನೂ ಆಗದಿರುವುದು ಹೇಗೆ? ಒಂದು ವಸ್ತು ನಮಗೆ ಹಾನಿ ಮಾಡಬೇಕಾದರೆ ಮೊದಲು ಅದು ನಮಗೆ ತಾಗಬೇಕು. ತಾಗಿ, ತನ್ನ ಶಕ್ತಿಯಲ್ಲಿ ಒಂದಿಷ್ಟನ್ನು ನಮ್ಮೊಳಗೆ ಬಿಟ್ಟುಹೋಗಬೇಕು. ಎಕ್ಸ್‌-ರೇ ಫಿಲ್ಮಿನಲ್ಲಿ ಮೂಳೆ ಬೆಳ್ಳಗೆ ಕಾಣುವುದು ಮೂಳೆ ಆ ಕಿರಣಗಳನ್ನು ತಡೆದಿದ್ದಕ್ಕೆ. ತಡೆದಿದ್ದಕ್ಕೇ ಅಲ್ಲಿ ಅಷ್ಟು ಶಕ್ತಿ ಉಳಿಯಿತು, ಅದಕ್ಕೇ ಎಕ್ಸ್‌-ರೇ ಕೋಣೆಯಲ್ಲಿ ಅಷ್ಟೆಲ್ಲ ಜಾಗ್ರತೆ. ನ್ಯೂಟ್ರಿನೊಗೆ ವಿದ್ಯುದಾವೇಶ ಇಲ್ಲ. ಪರಮಾಣುವಿನ ಬೀಜವನ್ನು ಹಿಡಿದಿಡುವ ಪ್ರಬಲ ಬಲಕ್ಕೂ ಅದು ಸಿಕ್ಕುವುದಿಲ್ಲ. ಅದಕ್ಕೆ ಗೊತ್ತಿರುವುದು ಗುರುತ್ವ ಬಿಟ್ಟರೆ ದುರ್ಬಲ ಬಲ ಅನ್ನೋದೊಂದೇ, ಆ ಬಲ ಹೆಸರಿಗೆ ತಕ್ಕ ಹಾಗೇ ಇದೆ. ಸೂರ್ಯನಿಂದ ಬರುವ ನ್ಯೂಟ್ರಿನೊಗಳಲ್ಲಿ ಅರ್ಧದಷ್ಟನ್ನಾದರೂ ತಡೆಯಬೇಕು ಅಂದರೆ ಒಂದು ಜ್ಯೋತಿರ್ವರ್ಷದ ಆಸುಪಾಸು ದಪ್ಪದ ಸೀಸದ ಗೋಡೆ ಕಟ್ಟಬೇಕಾಗುತ್ತದೆ. ಅಂದರೆ ಸುಮಾರು 9.5 ಲಕ್ಷ ಕೋಟಿ ಕಿಲೋಮೀಟರ್ ಸೀಸ. ನಾವು ಒಂದೂವರೆ ಅಡಿ ಅಗಲದ, ಅರ್ಧಕ್ಕಿಂತ ಜಾಸ್ತಿ ನೀರೇ ಇರುವ ಪ್ರಾಣಿಗಳು.

ಇಂಟರ್‌ನೆಟ್ಟಿನಲ್ಲಿ ಒಂದು ಮಾತು ಓಡಾಡುತ್ತದೆ, ಜೀವಮಾನದಲ್ಲಿ ಒಂದೇ ಒಂದು ನ್ಯೂಟ್ರಿನೊ ನಿಮ್ಮ ಮೈಗೆ ತಾಗುತ್ತದೆ ಅಂತ. ಕೇಳಲು ಚೆಂದ. ಆದರೆ ಕಡಿಮೆ ಶಕ್ತಿಯ ನ್ಯೂಟ್ರಿನೊಗಳನ್ನೂ ಸೇರಿಸಿದರೆ ಲೆಕ್ಕ ಬೇರೆ ಬರುತ್ತದೆ. ನಾವೇ ಹಾಕಿ ನೋಡೋಣ, ಕಷ್ಟವೇನಿಲ್ಲ.

ಇಟಲಿಯ ಗ್ರಾನ್ ಸಾಸೊ ಬೆಟ್ಟದ ಅಡಿಯಲ್ಲಿ ಬೊರೆಕ್ಸಿನೊ ಅನ್ನುವ ಪ್ರಯೋಗ 2007ರಿಂದ 2021ರವರೆಗೆ ನಡೆಯಿತು. ಒಂದು ಬಗೆಯ ಎಣ್ಣೆಯಂಥ ದ್ರವ, ಅದರಲ್ಲಿ ನ್ಯೂಟ್ರಿನೊ ಒಂದು ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದರೆ ಮಿಣುಕು ಬೆಳಕು ಬರುತ್ತದೆ. ಸೂರ್ಯನಲ್ಲಿ ಪ್ರೋಟಾನ್-ಪ್ರೋಟಾನ್ ಸೇರಿದಾಗ ಹುಟ್ಟುವ ನ್ಯೂಟ್ರಿನೊಗಳೇ ಎಲ್ಲಕ್ಕಿಂತ ಜಾಸ್ತಿ. ಅಂಥವು 100 ಟನ್ ದ್ರವದಲ್ಲಿ ದಿನಕ್ಕೆ ಸುಮಾರು 134 ಸಲ ಡಿಕ್ಕಿ ಹೊಡೆಯುತ್ತವೆ ಅಂತ ಅವರು ಅಳೆದರು. ಬೆರಿಲಿಯಂನಿಂದ ಹುಟ್ಟಿದವು ಇನ್ನೊಂದು 48ರಷ್ಟು. ಒಟ್ಟು 180 ಅಂತಿಟ್ಟುಕೊಳ್ಳಿ. 100 ಟನ್ನಿಗೆ 180 ಆದರೆ 70 ಕೆಜಿ ಮನುಷ್ಯನಿಗೆ ಎಷ್ಟು? ಸ್ಕೂಲಿನಲ್ಲಿ ಕಲಿತ ತ್ರೈರಾಶಿ. ದಿನಕ್ಕೆ 0.126. ಅಂದರೆ ಎಂಟು ದಿನಕ್ಕೆ ಒಂದು ಡಿಕ್ಕಿ.

'ನೋಡಿದ್ರಾ, ವಾರಕ್ಕೊಂದು ತಾಗುತ್ತದಂತೆ' ಅಂತ ಭಾವನವರು ಎದ್ದು ನಿಲ್ಲುವ ಮೊದಲು ಇನ್ನೊಂದು ಲೆಕ್ಕ ಹೇಳಿಬಿಡುತ್ತೇನೆ. ನಮ್ಮ ಮೈಯಲ್ಲಿ ಪೊಟ್ಯಾಸಿಯಂ ಇದೆ. ಬಾಳೆಹಣ್ಣು, ಎಳನೀರು, ಕಾಳು, ಸೊಪ್ಪು ಎಲ್ಲದರಿಂದಲೂ ಬರುತ್ತದೆ. ಅದಿಲ್ಲದೆ ಹೃದಯ ಬಡಿಯುವುದಿಲ್ಲ. ಆ ಪೊಟ್ಯಾಸಿಯಂನಲ್ಲಿ ತೀರಾ ಚಿಕ್ಕ ಪಾಲು ಪೊಟ್ಯಾಸಿಯಂ-40, ಅದು ತಾನಾಗಿಯೇ ಒಡೆಯುವ ವಿಕಿರಣಶೀಲ ಬಗೆ. 70 ಕೆಜಿ ಮನುಷ್ಯನ ಮೈಯೊಳಗೆ ಸೆಕೆಂಡಿಗೆ 4,000ಕ್ಕೂ ಜಾಸ್ತಿ ಪರಮಾಣುಗಳು ಹೀಗೆ ಒಡೆಯುತ್ತಿರುತ್ತವೆ. ಎಂಟು ದಿನಕ್ಕೆ ಗುಣಿಸಿ. 276 ಕೋಟಿ. ಒಂದು ಕಡೆ ಹೊರಗಿನಿಂದ ಬಂದ ಒಂದೇ ಒಂದು ಡಿಕ್ಕಿ, ಇನ್ನೊಂದು ಕಡೆ ನಮ್ಮೊಳಗೇ ಹುಟ್ಟಿದ 276 ಕೋಟಿ ಡಿಕ್ಕಿ. ಅದರಲ್ಲೂ ಒಳಗಿನವು ಸರಾಸರಿಯಲ್ಲಿ ಹೊರಗಿನದಕ್ಕಿಂತ ಜೋರು. ದೇಹ ಇದನ್ನೆಲ್ಲ ಹುಟ್ಟಿದಾಗಿನಿಂದ ನಿಭಾಯಿಸಿಕೊಂಡೇ ಬಂದಿದೆ.

ಇನ್ನೊಂದು ತಮಾಷೆ. ಪೊಟ್ಯಾಸಿಯಂ-40 ಒಡೆಯುವಾಗ ಪ್ರತಿ ಸಲವೂ ಒಂದು ನ್ಯೂಟ್ರಿನೊ, ಇಲ್ಲವೇ ಅದರ ಪ್ರತಿಕಣವಾದ ಪ್ರತಿನ್ಯೂಟ್ರಿನೊ, ಹೊರಗೆ ಹಾರುತ್ತದೆ. ದಿನಕ್ಕೆ ಸುಮಾರು 34 ಕೋಟಿ. ಹಾಗಾಗಿ ನ್ಯೂಟ್ರಿನೊ ಹೊರಸೂಸುವ ವಸ್ತುಗಳಿಂದ ದೂರ ಇರಬೇಕು ಅಂತ ನೀವು ತೀರ್ಮಾನ ಮಾಡಿದರೆ ಮೊದಲು ಮನೆಯಿಂದ ಆಚೆ ಕಳಿಸಬೇಕಾದ್ದು ಭಾವನವರನ್ನೇ.

ಸರಿ, ಈಗ ಗುಡ್ಡಕ್ಕೆ ಬರೋಣ.

ಗುಡ್ಡದ ಕೆಳಗೆ 'ಇಡುತ್ತಾರೆ' ಅನ್ನುವ ಮಾತಿನಲ್ಲೇ ತಪ್ಪು ಶುರುವಾಗುತ್ತದೆ. ಇಡುವುದಕ್ಕೆ ಡಬ್ಬಿ ಬೇಕು. ಭೂಮಿಯನ್ನೇ ದಾಟಿಹೋಗುವ ವಸ್ತುವಿಗೆ ಎಂಥ ಡಬ್ಬಿ? ಒಂದು ಕಿಲೋಮೀಟರ್ ಬಂಡೆ ಅದನ್ನು ತಡೆಯುತ್ತದೆ ಅಂತಾದರೆ ನಾವು ಅದನ್ನು ಹಿಡಿಯಲು ಇಷ್ಟು ಒದ್ದಾಡುತ್ತಲೇ ಇರಲಿಲ್ಲ. ಗುಡ್ಡದ ಕೆಳಗೆ ಇಡುವುದು ಉಪಕರಣವನ್ನು. ಗುಡ್ಡ ಇರುವುದು ಒಳಗಿನದು ಆಚೆ ಬರಬಾರದು ಅಂತ ಅಲ್ಲ, ಹೊರಗಿನದು ಒಳಗೆ ಬರಬಾರದು ಅಂತ.

ಹೊರಗಿನದು ಅಂದರೆ ಏನು? ಅಂಗೈ ಚಾಚಿ ಹಿಡಿಯಿರಿ. ಸೆಕೆಂಡಿಗೆ ಒಂದರ ಲೆಕ್ಕದಲ್ಲಿ ಅದರ ಮೇಲೆ ಮ್ಯೂಆನ್ ಅನ್ನುವ ಕಣಗಳು ಬೀಳುತ್ತಿವೆ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಮೇಲಿನ ಗಾಳಿಗೆ ಬಡಿದಾಗ ಹುಟ್ಟುವ ಕಣಗಳು ಇವು. ಇವಕ್ಕೆ ವಿದ್ಯುದಾವೇಶ ಇದೆ. ಹಾಗಾಗಿ ಉಪಕರಣದಲ್ಲಿ ದೊಡ್ಡ ಗದ್ದಲ ಎಬ್ಬಿಸುತ್ತವೆ. ಮಿಕ್ಸಿಯಲ್ಲಿ ಕಾಯಿಚಟ್ನಿ ರುಬ್ಬುತ್ತಿರುವಾಗ ಹಾಲ್‌ನಲ್ಲಿಟ್ಟ ಫೋನು ರಿಂಗಾದರೆ ಕೇಳುತ್ತದಾ? ನ್ಯೂಟ್ರಿನೊ ಆ ಫೋನು, ಮ್ಯೂಆನ್ ಆ ಮಿಕ್ಸಿ. ಮಿಕ್ಸಿ ಆರಿಸುವ ಸ್ವಿಚ್ಚು ನಮ್ಮ ಕೈಯಲ್ಲಿಲ್ಲ, ಅದು ಆಕಾಶದಲ್ಲಿದೆ. ಹಾಗಾಗಿ ನಾವೇ ಬಾಗಿಲು ಹಾಕಿಕೊಂಡು ಒಳಕೋಣೆಗೆ ಹೋಗಬೇಕು. ಗುಡ್ಡ ಅಂದರೆ ಆ ಬಾಗಿಲು. ಮ್ಯೂಆನ್ ಬಂಡೆಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ನ್ಯೂಟ್ರಿನೊಗೆ ಬಂಡೆಯೂ ಒಂದೇ, ಬಯಲೂ ಒಂದೇ. ಜರಡಿ ಹಿಡಿದ ಹಾಗೆ, ಕಸ ಮೇಲೆ ಉಳಿಯಿತು, ಬೇಕಾದ್ದು ಕೆಳಗೆ ಬಂತು.

ಗುಡ್ಡ ಸಿಗದವರು ಏನು ಮಾಡುತ್ತಾರೆ ಗೊತ್ತಾ? ಸಮುದ್ರದ ನೀರನ್ನೇ ಗುಡ್ಡ ಮಾಡಿಕೊಳ್ಳುತ್ತಾರೆ. ಸಿಸಿಲಿ ದ್ವೀಪದ ಹತ್ತಿರ, ಮೆಡಿಟರೇನಿಯನ್ ಸಮುದ್ರದಲ್ಲಿ 3,450 ಮೀಟರ್ ಆಳಕ್ಕೆ ಗಾಜಿನ ಗೋಲಗಳನ್ನು ಸರದ ಹಾಗೆ ಇಳಿಬಿಟ್ಟಿದ್ದಾರೆ. ಕೆಎಂ3ನೆಟ್ ಅಂತ ಅದರ ಹೆಸರು. ದಕ್ಷಿಣ ಧ್ರುವದಲ್ಲಿ ಇದೇ ಕೆಲಸಕ್ಕೆ ಮಂಜುಗಡ್ಡೆ ಕೊರೆದಿದ್ದಾರೆ. ಅಲ್ಲಿ ಯಾರಿಂದ ಏನನ್ನು ಬಚ್ಚಿಡಬೇಕಿತ್ತು? ಪೆಂಗ್ವಿನ್‌ಗಳೂ ಅಷ್ಟು ಒಳಗೆ ಬರುವುದಿಲ್ಲ.

ಆ ಕೆಎಂ3ನೆಟ್ ಸುದ್ದಿ ಬಂದಾಗಲೂ ನನಗೆ ಫೋನುಗಳು ಬಂದಿದ್ದವು. 2023ರ ಫೆಬ್ರುವರಿ 13ರಂದು ಅದಕ್ಕೊಂದು ನ್ಯೂಟ್ರಿನೊದ ಸುಳಿವು ಸಿಕ್ಕಿತು. ಎರಡು ವರ್ಷ ಲೆಕ್ಕ ಹಾಕಿ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿದರು. ಅದರ ಶಕ್ತಿ ಸುಮಾರು 220 ಪೆಟಾ ಎಲೆಕ್ಟ್ರಾನ್‌ವೋಲ್ಟ್, ಈವರೆಗೆ ಸಿಕ್ಕ ನ್ಯೂಟ್ರಿನೊಗಳಲ್ಲೇ ಅತಿ ಜಾಸ್ತಿ. ಜಿನೀವಾದ ದೊಡ್ಡ ಕಣಯಂತ್ರದಲ್ಲಿ ಆಗುವ ಒಂದು ಘರ್ಷಣೆಯ ಸುಮಾರು 16,000 ಪಟ್ಟು. ಟಿವಿಯಲ್ಲಿ 'ದೈತ್ಯ ಕಣ' ಅಂತ ಕೆಂಪು ಅಕ್ಷರ ಓಡಿತು. ಆದರೆ ಅದನ್ನು ನಮ್ಮ ದಿನಬಳಕೆಯ ಅಳತೆಗೆ ಇಳಿಸಿದರೆ 0.035 ಜೂಲ್. ಜೇಬಿನಿಂದ ಒಂದು ರೂಪಾಯಿ ನಾಣ್ಯ ಜಾರಿ ಸೊಂಟದೆತ್ತರದಿಂದ ನೆಲಕ್ಕೆ ಬಿದ್ದರೆ ಇರುವಷ್ಟು ಶಕ್ತಿ. ಒಂದೇ ಕಣಕ್ಕೆ ಅಷ್ಟು ಶಕ್ತಿ ಅನ್ನೋದು ಭೌತವಿಜ್ಞಾನಿಗಳಿಗೆ ನಿದ್ದೆಗೆಡಿಸುವ ವಿಷಯ, ಅದೆಲ್ಲಿಂದ ಬಂತು ಅಂತ ಹುಡುಕುತ್ತಿದ್ದಾರೆ. ನಮಗೆ ಅದು ಟಣ್ ಅಂದ ನಾಣ್ಯ.

ಇಷ್ಟು ಹೇಳಿದ ಮೇಲೂ ಒಬ್ಬರು ಕೇಳಿದ್ದರು: 'ಅದು ಸೂರ್ಯನದ್ದು, ದೂರದ್ದು. ಹತ್ತಿರದಲ್ಲಿ ರಾಶಿ ರಾಶಿ ಬಂದರೆ?' ಒಳ್ಳೆಯ ಪ್ರಶ್ನೆ. ನ್ಯೂಟ್ರಿನೊ ರಾಶಿ ರಾಶಿ ಸಿಗುವ ಜಾಗ ಅಂದರೆ ಪರಮಾಣು ರಿಯಾಕ್ಟರ್. ನಮ್ಮ ಕೈಗಾದಿಂದಲೂ ಹೊರಡುತ್ತವೆ. ಸ್ವಿಟ್ಜರ್‌ಲೆಂಡಿನ ಲೈಬ್‌ಸ್ಟಾಟ್ ಸ್ಥಾವರದಲ್ಲಿ ಕೋನಸ್ ಪ್ಲಸ್ ಅನ್ನುವ ತಂಡ ರಿಯಾಕ್ಟರಿನ ನಡುಭಾಗದಿಂದ ಬರೀ 20 ಮೀಟರ್ ಚಿಲ್ಲರೆ ದೂರದಲ್ಲಿ ಉಪಕರಣ ಇಟ್ಟಿತು. ಅಲ್ಲಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ 10 ಲಕ್ಷ ಕೋಟಿಗೂ ಜಾಸ್ತಿ ನ್ಯೂಟ್ರಿನೊ ಸುರಿಯುತ್ತವೆ. ಉಪಕರಣದ ಒಳಗಿದ್ದದ್ದು ಒಂದೊಂದು ಕೆಜಿಯ ಮೂರು ಜರ್ಮೇನಿಯಂ ತುಂಡು. 119 ದಿನ ಕಾದರು. ಸಿಕ್ಕಿದ್ದು ಎಷ್ಟು? ಸುಮಾರು 395. ದಿನಕ್ಕೆ ಮೂರು ಚಿಲ್ಲರೆ. ಅದೂ ಪರಮಾಣುವಿನ ಬೀಜಕ್ಕೆ ಕೊಟ್ಟ ಸಣ್ಣ ತಳ್ಳು ಅಷ್ಟೇ. 2025ರಲ್ಲಿ ಇದು ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು, ಯಾಕೆಂದರೆ ಅಷ್ಟು ಚಿಕ್ಕ ಉಪಕರಣದಲ್ಲಿ ಅಷ್ಟಾದರೂ ಸಿಕ್ಕಿತಲ್ಲ ಅನ್ನೋದೇ ಸಾಧನೆ. ರಿಯಾಕ್ಟರಿನ ಹತ್ತಿರ ಹೆದರಬೇಕಾದ್ದು ನ್ಯೂಟ್ರಾನಿಗೆ, ಗಾಮಾ ಕಿರಣಕ್ಕೆ, ಸೋರುವ ತ್ಯಾಜ್ಯಕ್ಕೆ. ಆ ಪಟ್ಟಿಯಲ್ಲಿ ನ್ಯೂಟ್ರಿನೊ ಇಲ್ಲ.

ನ್ಯೂಟ್ರಾನ್ ಅಂದೆನಲ್ಲ, ಈ ಹೆದರಿಕೆಯ ಅರ್ಧ ಬೇರು ಅಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ನ್ಯೂಟ್ರಾನ್, ನ್ಯೂಟ್ರಿನೊ ಎರಡೂ ಕಿವಿಗೆ ಒಂದೇ ಥರ ಬೀಳುತ್ತವೆ. ನ್ಯೂಟ್ರಾನ್ ಬಾಂಬಿನ ಹೆಸರು ಕೇಳಿದವರು ಪಕ್ಕದಲ್ಲಿ ನ್ಯೂಟ್ರಿನೊ ಬಾಂಬನ್ನೂ ಕಟ್ಟಿಕೊಂಡರು. ಜನರನ್ನು ಬೈದು ಪ್ರಯೋಜನವಿಲ್ಲ, ಗೊಂದಲ ಹುಟ್ಟಿನಿಂದಲೇ ಬಂದದ್ದು. 1930ರ ಡಿಸೆಂಬರಿನಲ್ಲಿ ವೋಲ್ಫ್‌ಗಾಂಗ್ ಪೌಲಿ ಇಂಥದ್ದೊಂದು ಕಣ ಇರಬಹುದು ಅಂತ ಪತ್ರ ಬರೆದಾಗ ಅದನ್ನು ಕರೆದದ್ದೇ ನ್ಯೂಟ್ರಾನ್ ಅಂತ. 1932ರಲ್ಲಿ ಚಾಡ್ವಿಕ್ ಬೇರೆಯೇ ಒಂದು ಭಾರದ ಕಣ ಕಂಡುಹಿಡಿದರು, ಆ ಹೆಸರು ಅದಕ್ಕೆ ಹೋಯಿತು. ಆಮೇಲೆ ಎನ್ರಿಕೊ ಫರ್ಮಿಯ ಇಟಲಿ ಬಳಗ ಪೌಲಿಯ ಕಣಕ್ಕೆ ನ್ಯೂಟ್ರಿನೊ ಅಂತ ಹೆಸರಿಟ್ಟಿತು. ಇಟಾಲಿಯನ್ನಿನಲ್ಲಿ 'ಪುಟ್ಟ ತಟಸ್ಥ' ಅಂತ ಅರ್ಥ. ಪುಟ್ಟ ಅಂದರೆ ಎಷ್ಟು ಪುಟ್ಟ ಅನ್ನೋದನ್ನು ಈಗಲೂ ಅಳೆಯುತ್ತಿದ್ದಾರೆ. ಜರ್ಮನಿಯ ಕ್ಯಾಟ್ರಿನ್ ಪ್ರಯೋಗ 2025ರಲ್ಲಿ ಹೇಳಿದ ಪ್ರಕಾರ ಅದರ ತೂಕ (ಕಣಗಳ ತೂಕವನ್ನೂ ಶಕ್ತಿಯ ಅಳತೆಯಲ್ಲೇ ಹೇಳುತ್ತಾರೆ) 0.45 ಎಲೆಕ್ಟ್ರಾನ್‌ವೋಲ್ಟಿಗಿಂತ ಕಮ್ಮಿ. ಎಲೆಕ್ಟ್ರಾನಿನ ಹತ್ತು ಲಕ್ಷದಲ್ಲಿ ಒಂದು ಪಾಲೂ ಇಲ್ಲ.

ಹೆದರಿಕೆಯ ಇನ್ನರ್ಧ ಬೇರು ಥೇಣಿಯದು. ಭಾರತದ ನ್ಯೂಟ್ರಿನೊ ವೀಕ್ಷಣಾಲಯ ಮೊದಲು ನೀಲಗಿರಿಯ ಸಿಂಗಾರದಲ್ಲಿ ಆಗಬೇಕಿತ್ತು. ಮುದುಮಲೈ ಹುಲಿ ಕಾಡಿನ ಪಕ್ಕ ಅಂತ ಅಲ್ಲಿ ಬೇಡ ಎಂದರು. ಆಮೇಲೆ ತಮಿಳುನಾಡಿನ ಥೇಣಿ ಜಿಲ್ಲೆಯ ಪೊಟ್ಟಿಪುರಂ ಹತ್ತಿರದ ಗುಡ್ಡ ಆರಿಸಿದರು. 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿತು. 50,000 ಟನ್ ಕಬ್ಬಿಣದ ತಗಡುಗಳ ದೊಡ್ಡ ಅಯಸ್ಕಾಂತ, ಗಾಳಿಯಲ್ಲಿ ತಾನಾಗಿ ಹುಟ್ಟುವ ನ್ಯೂಟ್ರಿನೊಗಳನ್ನು ನೋಡುವುದು, ಇಷ್ಟು ಅದರ ಕೆಲಸ. ನ್ಯೂಟ್ರಿನೊ ತಯಾರಿಸುವ ಯಂತ್ರ ಅಲ್ಲಿ ಬರುವುದೇ ಇರಲಿಲ್ಲ. ಆದರೂ ವಿಕಿರಣ ಸೋರುತ್ತದೆ, ಪರಮಾಣು ಕಸ ಹೂಳುತ್ತಾರೆ, ಅಮೆರಿಕದಿಂದ ಕಿರಣ ಬಿಡುತ್ತಾರೆ ಅಂತ ಸುದ್ದಿ ಹಬ್ಬಿತು. ಹಣ ಪರಮಾಣು ಶಕ್ತಿ ಇಲಾಖೆಯದ್ದು ಅಂದಮೇಲೆ ಜನಕ್ಕೆ ಅನುಮಾನ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ತಮಿಳುನಾಡು ಸರ್ಕಾರ ಒಪ್ಪಲಿಲ್ಲ, ಗುಡ್ಡದಲ್ಲಿ ಸುರಂಗ ಆಗಲಿಲ್ಲ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಆ ಊರವರು ಕೇಳಿದ್ದೆಲ್ಲ ತಪ್ಪಲ್ಲ. ಪಶ್ಚಿಮ ಘಟ್ಟದ ಗುಡ್ಡದಲ್ಲಿ ಸಿಡಿಮದ್ದು ಇಟ್ಟು ಎರಡು ಕಿಲೋಮೀಟರ್ ಸುರಂಗ ಕೊರೆಯುತ್ತೀರಿ, ನಮ್ಮ ಬಾವಿ ನೀರಿನ ಕಥೆಯೇನು, ಧೂಳೆಷ್ಟು, ಕಲ್ಲಿನ ರಾಶಿ ಎಲ್ಲಿ ಸುರಿಯುತ್ತೀರಿ, ಕಾಡಿನ ಗತಿಯೇನು? ಇವು ಗಟ್ಟಿ ಪ್ರಶ್ನೆಗಳು. ಹೆದ್ದಾರಿ ಸುರಂಗ ಮಾಡಿದರೂ ಕೇಳಲೇಬೇಕಾದವು. ನನ್ನ ತಕರಾರು ಏನೆಂದರೆ, ಇಲ್ಲದ ವಿಕಿರಣದ ಗಲಾಟೆಯಲ್ಲಿ ಈ ನಿಜವಾದ ಪ್ರಶ್ನೆಗಳೇ ಮುಳುಗಿಹೋದವು. ವಿಜ್ಞಾನಿಗಳು 'ನ್ಯೂಟ್ರಿನೊದಿಂದ ಅಪಾಯವಿಲ್ಲ' ಅಂತ ಹೇಳಿ ಕೈತೊಳೆದುಕೊಂಡರು. ಕೇಳಿದ್ದು ನೀರಿನ ಬಗ್ಗೆ, ಬಂದದ್ದು ಕಣದ ಬಗ್ಗೆ ಉತ್ತರ.

ಅಮೆರಿಕದಿಂದ ಕಿರಣ ಬಿಡುವ ವಿಷಯಕ್ಕೂ ಎರಡು ಮಾತು. ಶಿಕಾಗೊ ಹತ್ತಿರದ ಫರ್ಮಿಲ್ಯಾಬ್ 2005ರಿಂದಲೇ ನ್ಯೂಟ್ರಿನೊ ಕಿರಣವನ್ನು ಮಿನ್ನೆಸೋಟದ ಕಡೆ ಕಳಿಸುತ್ತಿದೆ. ಈಗಿನ ನೋವಾ ಪ್ರಯೋಗಕ್ಕೆ 810 ಕಿಲೋಮೀಟರ್ ದೂರ. ಸುರಂಗ ಇಲ್ಲ, ಪೈಪ್ ಇಲ್ಲ, ನೆಲದೊಳಗಿಂದಲೇ ಹೋಗುತ್ತದೆ. ನಡುವೆ ವಿಸ್ಕಾನ್ಸಿನ್ ರಾಜ್ಯದ ಹೊಲಗಳು, ಹಸುಗಳು, ಊರುಗಳು. ಜಪಾನಿನಲ್ಲೂ ತೊಕಾಯಿಯಿಂದ ಕಾಮಿಯೊಕಕ್ಕೆ 295 ಕಿಲೋಮೀಟರ್ ಹೀಗೇ ಕಳಿಸುತ್ತಾರೆ. ಎರಡೂ ತಂಡಗಳು 2025ರಲ್ಲಿ ಲೆಕ್ಕ ಸೇರಿಸಿ ಒಟ್ಟಿಗೆ ಫಲಿತಾಂಶ ಕೊಟ್ಟವು. ಅದರ ಕಥೆ ಇನ್ನೊಮ್ಮೆ.

'ತಾಗುವುದೇ ಇಲ್ಲ ಅಂದರೆ ಇದೆ ಅಂತ ಹೇಗೆ ಗೊತ್ತಾಯಿತು?' ಇದನ್ನು ಭಾವನವರು ಕೇಳಿಯೇ ಕೇಳುತ್ತಾರೆ. ತಾಗುವುದು ಅಪರೂಪ, ಇಲ್ಲವೇ ಇಲ್ಲ ಅಂತಲ್ಲ. ಲಾಟರಿ ಒಬ್ಬನಿಗೆ ಹೊಡೆಯುವುದು ಕಷ್ಟ, ಆದರೆ ಕೋಟಿ ಟಿಕೆಟ್ ಮಾರಿದರೆ ಎಲ್ಲೋ ಒಬ್ಬನಿಗೆ ಹೊಡೆದೇ ಹೊಡೆಯುತ್ತದೆ ಅಲ್ವಾ? ಹಾಗಾಗಿ ಉಪಕರಣ ದೊಡ್ಡದಾಗುತ್ತಾ ಹೋಗುತ್ತದೆ. ಚೀನಾದ ಜಿಯಾಂಗ್‌ಮೆನ್‌ನಲ್ಲಿ ಜುನೊ ಅಂತ ಒಂದು ಕಟ್ಟಿದ್ದಾರೆ. 700 ಮೀಟರ್ ಆಳದಲ್ಲಿ, ಹನ್ನೊಂದು ಮಹಡಿ ಎತ್ತರದ ಅಕ್ರಿಲಿಕ್ ಗೋಲ, ಅದರೊಳಗೆ 20,000 ಟನ್ ದ್ರವ. 53 ಕಿಲೋಮೀಟರ್ ದೂರದ ಎರಡು ಪರಮಾಣು ಸ್ಥಾವರಗಳಿಂದ ಬರುವ ಪ್ರತಿನ್ಯೂಟ್ರಿನೊಗಳನ್ನು ಎಣಿಸುವುದು ಕೆಲಸ. 2025ರ ಆಗಸ್ಟ್ 26ರಂದು ಶುರುವಾಯಿತು, 59 ದಿನದ ಮಾಹಿತಿಯಲ್ಲೇ ಹಳೆಯ ಎಲ್ಲ ಅಳತೆಗಳಿಗಿಂತ ನಿಖರವಾದ ಫಲಿತಾಂಶ ಕೊಟ್ಟಿತು. ಅಷ್ಟು ದೊಡ್ಡ ಗೋಲದಲ್ಲಿ ದಿನದ ಸ್ಕೋರು ಎಷ್ಟು ಗೊತ್ತಾ? ಅರ್ಧಶತಕವೂ ಕಷ್ಟ.

ನೀವು ಕೇಳಲಿಲ್ಲ. ಆದರೆ ಗುಡ್ಡ, ಗಣಿ ಅಂತ ಇಷ್ಟೆಲ್ಲ ಬರೆದು ಕೋಲಾರದ ಹೆಸರು ಎತ್ತದೆ ಹೋದರೆ ನನಗೆ ನಿದ್ದೆ ಬರುವುದಿಲ್ಲ.

ಕೆಜಿಎಫ್ ಅಂದರೆ ಈಗ ಜನಕ್ಕೆ ನೆನಪಾಗುವುದೇ ಬೇರೆ. ನನಗೆ ನೆನಪಾಗುವುದು 2.3 ಕಿಲೋಮೀಟರ್ ಆಳದಲ್ಲಿದ್ದ ಒಂದು ಬಿಸಿ ಕೋಣೆ. ಗಾಳಿಯಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಮನುಷ್ಯರು ಮೊದಲು ಕಂಡ ಎರಡು ಜಾಗಗಳಲ್ಲಿ ಅದೂ ಒಂದು.

1950ರ ದಶಕದ ಆರಂಭದಲ್ಲಿ ಹೋಮಿ ಭಾಭಾ ತಮ್ಮ ಶಿಷ್ಯ ಬಿ.ವಿ. ಶ್ರೀಕಂಠನ್ ಅವರನ್ನು ಗಣಿಗೆ ಕಳಿಸಿದರು. ನಂಜನಗೂಡಿನಲ್ಲಿ ಹುಟ್ಟಿದವರು ಅವರು. ಆಳಕ್ಕೆ ಇಳಿದಂತೆ ಮ್ಯೂಆನ್ ಎಷ್ಟು ಕಮ್ಮಿಯಾಗುತ್ತದೆ ಅಂತ ಅಳೆಯುವುದು ಆಗಿನ ಕೆಲಸ. ಮುಂದೆ 1960ರ ದಶಕದಲ್ಲಿ ಇನ್ನೂ ಆಳಕ್ಕೆ ಹೋಗಿ ಅಳೆದಾಗ ವಿಚಿತ್ರವಾಯಿತು. ಎರಡು ತಿಂಗಳು ಕಾದರೂ ಒಂದೂ ಮ್ಯೂಆನ್ ಇಲ್ಲ. ಬೇರೆ ಯಾರೇ ಆಗಿದ್ದರೂ ಉಪಕರಣ ಕೆಟ್ಟಿದೆ ಅಂತ ಮೇಲೆ ಬಂದುಬಿಡುತ್ತಿದ್ದರು. ಇವರಿಗೆ ಹೊಳೆದದ್ದು ಬೇರೆ. ಮಿಕ್ಸಿ ಪೂರ್ತಿ ನಿಂತಿದೆ, ಇನ್ನು ಫೋನು ರಿಂಗಾದರೆ ಕೇಳುತ್ತದೆ!

ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಮೂರೂ ಸೇರಿದವು. ಟಾಟಾ ಸಂಸ್ಥೆಯ ಕಡೆಯಿಂದ ಎಂ.ಜಿ.ಕೆ. ಮೆನನ್ ಮುಂದೆ ನಿಂತರು. ಅವರು ಮಾಡಿದ ಉಪಾಯ ನನಗೆ ತುಂಬಾ ಇಷ್ಟ. ಬೆಳಕು ಕೊಡುವ ಪ್ಲಾಸ್ಟಿಕ್ ಫಲಕಗಳ ಎರಡು ಗೋಡೆಗಳನ್ನು ಎದುರುಬದುರು ನಿಲ್ಲಿಸಿದರು. ನಡುವೆ ನಿಯಾನ್ ತುಂಬಿದ ಗಾಜಿನ ಕೊಳವೆಗಳು. ಕಣ ಒಂದು ಗೋಡೆಯಿಂದ ಇನ್ನೊಂದಕ್ಕೆ ದಾಟಿದರೆ ಕೊಳವೆಗಳು ಮಿಂಚಿ ಅದರ ದಾರಿ ಕಾಣುತ್ತದೆ. ಅಂದರೆ ಇದು ಅಡ್ಡಡ್ಡ ಹೋಗುವ ಕಣಗಳಿಗೆ ಒಡ್ಡಿದ ಬಲೆ.

ಅಡ್ಡ ಯಾಕೆ? ಯೋಚಿಸಿ. ನೇರ ಮೇಲಿನಿಂದ ಬರುವ ಮ್ಯೂಆನಿಗೆ 2.3 ಕಿಲೋಮೀಟರ್ ಬಂಡೆ ಅಡ್ಡ. ಕೋಟಿಗಟ್ಟಲೆ ಮ್ಯೂಆನ್‌ಗಳಲ್ಲಿ ಒಂದೋ ಎರಡೋ ಗಟ್ಟಿ ಆಸಾಮಿ ದಾಟಿ ಬರಬಹುದು. ಆದರೆ ಪಕ್ಕದಿಂದ ಬರಬೇಕು ಅಂದರೆ? ಕೋಲಾರದ ನೆಲದೊಳಗೆ ಹತ್ತಾರು ಕಿಲೋಮೀಟರ್ ಬಂಡೆ ಕೊರೆದುಕೊಂಡು ಬರಬೇಕು. ಯಾವ ಮ್ಯೂಆನಿಗೂ ಆಗದ ಕೆಲಸ. ಹಾಗಾಗಿ ಅಡ್ಡಡ್ಡ ಒಂದು ಮ್ಯೂಆನ್ ಬಂತು ಅಂದರೆ ಅದು ದೂರದಿಂದ ಬಂದದ್ದಲ್ಲ, ಪಕ್ಕದ ಬಂಡೆಯಲ್ಲೇ ಈಗಷ್ಟೇ ಹುಟ್ಟಿದ್ದು. ಅದನ್ನು ಹುಟ್ಟಿಸಿದ್ದು ಬಂಡೆಗೆ ಬಗ್ಗದ ಯಾವುದೋ ಕಣ. ನ್ಯೂಟ್ರಿನೊ ಅಲ್ಲದೆ ಇನ್ನಾರು?

1965ರಲ್ಲಿ ಸಿಕ್ಕಿತು. ಬೆರಳೆಣಿಕೆಯಷ್ಟೇ, ಆದರೆ ಸಿಕ್ಕಿತು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದಲ್ಲಿ ಫ್ರೆಡರಿಕ್ ರೈನ್ಸ್ ತಂಡವೂ ಇದೇ ಬೇಟೆಯಲ್ಲಿತ್ತು. ಅಲ್ಲೂ ಚಿನ್ನದ ಗಣಿಯೇ. ಘಟನೆ ಮೊದಲು ದಾಖಲಾದದ್ದು ಅವರಲ್ಲಿ, ಮೊದಲು ಅಚ್ಚಾದದ್ದು ನಮ್ಮದು. 1965ರ ಆಗಸ್ಟ್‌ನಲ್ಲಿ ಬರೀ ಎರಡು ವಾರದ ಅಂತರ. ಇದೇ ಗಾಳಿ ನ್ಯೂಟ್ರಿನೊಗಳನ್ನು ಜಪಾನಿನ ಸೂಪರ್ ಕಾಮಿಯೊಕಾಂಡೆ ಎಣಿಸಿ, ಅವು ದಾರಿಯಲ್ಲಿ ವೇಷ ಬದಲಿಸುತ್ತವೆ, ಅಂದರೆ ಒಂದು ಬಗೆಯ ನ್ಯೂಟ್ರಿನೊ ಇನ್ನೊಂದು ಬಗೆಯದಾಗುತ್ತದೆ ಅಂತ 1998ರಲ್ಲಿ ತೋರಿಸಿತು. 2015ರಲ್ಲಿ ಅದಕ್ಕೆ ನೊಬೆಲ್ ಬಂತು. ನಾನು ಪಾಠ ಮಾಡುತ್ತಿದ್ದ ದಿನಗಳಲ್ಲಿ ಕೋಲಾರ ಕಡೆಯ ಹುಡುಗರಿಗೂ ಈ ಕಥೆ ಗೊತ್ತಿರುತ್ತಿರಲಿಲ್ಲ. ಚಿನ್ನದ ಗಣಿಯೆಂದರೆ ಚಿನ್ನ ಅಷ್ಟೇ ಅವರಿಗೆ. ಹೇಳಿದ ದಿನ ಕ್ಲಾಸಿನಲ್ಲಿ ಸದ್ದೇ ಇರುತ್ತಿರಲಿಲ್ಲ, ಬೆಲ್ ಹೊಡೆದರೂ ಯಾರೂ ಏಳುತ್ತಿರಲಿಲ್ಲ.

ಗಣಿಯಲ್ಲಿನ ಪ್ರಯೋಗಗಳು 1992ರಲ್ಲಿ ನಿಂತವು. 2001ರಲ್ಲಿ ಗಣಿಯನ್ನೇ ಮುಚ್ಚಿದರು. ಪಂಪುಗಳು ನಿಂತ ಮೇಲೆ ನೀರು ತುಂಬಿಕೊಂಡಿತು. ಆ ಎರಡು ಗೋಡೆ ನಿಂತಿದ್ದ ಜಾಗದಲ್ಲಿ ಈಗ ಬರೀ ನೀರು, ಅದರೊಳಗಿಂದ ನ್ಯೂಟ್ರಿನೊಗಳು ಹಾದುಹೋಗುತ್ತಲೇ ಇವೆ.

ಆ ಗಣಿಯಲ್ಲಿ ಅಪಾಯ ಇರಲಿಲ್ಲವಾ ಅಂದರೆ, ಇತ್ತು. ಬಂಡೆ ಸಿಡಿಯುತ್ತಿತ್ತು, ಸೆಕೆ ತಡೆಯುವುದು ಕಷ್ಟವಾಗುತ್ತಿತ್ತು, ಕಲ್ಲುಧೂಳು ಗಣಿ ಕೆಲಸದವರ ಶ್ವಾಸಕೋಶವನ್ನೇ ತಿನ್ನುತ್ತಿತ್ತು. ಅಲ್ಲಿ ಜನ ಸತ್ತದ್ದು ಅದರಿಂದ.

ನಿಮ್ಮ ಮಗಳ ವಿಷಯಕ್ಕೆ ಬಂದರೆ, ನಮ್ಮ ದೇಶದಲ್ಲಿ ಸದ್ಯಕ್ಕೆ ಅವಳನ್ನು ಯಾವ ಗುಡ್ಡದ ಕೆಳಗೂ ಕಳಿಸುವುದಿಲ್ಲ, ಗುಡ್ಡವೇ ಇನ್ನೂ ಸಿಕ್ಕಿಲ್ಲ. ಮದುರೈಯಲ್ಲಿ 85 ಟನ್ನಿನ ಒಂದು ಚಿಕ್ಕ ಮಾದರಿ ಉಪಕರಣ ಇದೆ, ಅದೂ ನೆಲದ ಮೇಲೆಯೇ. ಮಾದರಿ ಚಿಕ್ಕದಾದರೂ ಕಬ್ಬಿಣ ಕಬ್ಬಿಣವೇ, ಕಾಲ ಮೇಲೆ ಬೀಳದ ಹಾಗೆ ನೋಡಿಕೊಳ್ಳಲಿ. ಹೈ ವೋಲ್ಟೇಜ್ ತಂತಿಗೆ ಕೈ ಹಾಕುವ ಮುಂಚೆ ಸ್ವಿಚ್ ಆರಿಸಲಿ. ನೀವು ಚಿಂತೆ ಮಾಡಲೇಬೇಕು ಅಂತಿದ್ದರೆ ಬೇರೆ ವಿಷಯಗಳಿವೆ. ಪಿಎಚ್‌ಡಿಗೆ ಐದಾರು ವರ್ಷ ಹಿಡಿಯುತ್ತದೆ. ಪ್ರವೇಶಕ್ಕೆ ಪರೀಕ್ಷೆ ಬರೆಯಬೇಕು, ಅದು ಸುಲಭವಲ್ಲ. ಫೆಲೋಶಿಪ್ ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ. ಮತ್ತೆ ರಾತ್ರಿ ಪಾಳಿ ಇರುತ್ತದೆ. ಎರಡು ಗಂಟೆ ರಾತ್ರಿಯಲ್ಲಿ, ಆರಿದ ಟೀ ಲೋಟ ಪಕ್ಕದಲ್ಲಿಟ್ಟುಕೊಂಡು, ಕಂಪ್ಯೂಟರಿನಲ್ಲಿ ಏನೂ ಆಗದಿರುವುದನ್ನೇ ಕಣ್ಣು ಮಿಟುಕಿಸದೆ ನೋಡುತ್ತಾ ಕೂರಬೇಕು.